ಇಳಿದು ತಳ್ಳುವ ಜಾಗ

ಲೇಕ್ ಗಾರ್ಡನ್ಸ್, ಕೋಲ್ಕತ್ತಾ
೧೨ ಆಗಸ್ಟ್ ೨೦೨೪

ಪ್ರೀತಿಯ ವಾಸಂತಿ,

ಈ ಕಾಲದಲ್ಲಿ ಅಂಚೆ ಕಾಗದ ಯಾಕೆ ಎಂದು ಹುಬ್ಬೇರಿಸಬೇಡ. ನಾನು ನಿನ್ನ ಫೋನು ಎತ್ತುತ್ತಿಲ್ಲ ಎಂದು ನಿಮ್ಮ ಚಂದ್ರಶೇಖರ ಅವರು ನಮ್ಮವರ ಹತ್ತಿರ ದೂರು ಹೇಳಿದರಂತೆ. ಎತ್ತಿದರೆ ಕೇಳಿಸಬೇಕಲ್ಲ? ಎಡಗಿವಿಯಲ್ಲಿ ಇಪ್ಪತ್ತನಾಲ್ಕು ಗಂಟೆಯೂ ಕುಕ್ಕರ್ ಕೂಗುತ್ತಿದೆ. ಜೂನಿನಲ್ಲಿ ಸದರ್ನ್ ಅವೆನ್ಯೂದಲ್ಲಿ ಸೈಕಲ್ಲಿನಿಂದ ಬಿದ್ದೆನಲ್ಲ, ಅದು ನಾಯಿಯ ತಪ್ಪಲ್ಲ, ರಸ್ತೆಯದೂ ಅಲ್ಲ. ಕಿವಿಯೊಳಗೆ ಸಮತೋಲ ಕಾಯುವುದೇನೋ ಇರುತ್ತದಂತೆ, ಅದು ಕೆಟ್ಟಿದೆ. ಮೊಬೈಲಿನ ಪರದೆ ನೋಡಿದರೆ ತಲೆ ಗಿರ್ರೆನ್ನುತ್ತದೆ. ಪೆನ್ನು ಹಿಡಿದರೆ ಮಾತ್ರ ಏನೂ ಆಗುವುದಿಲ್ಲ. ಮೂವತ್ತೊಂದು ವರ್ಷ ನಕ್ಷೆ ಕಚೇರಿಯಲ್ಲಿ ಗೆರೆ ಎಳೆದ ಕೈ ಇದು, ಇದಕ್ಕಾದರೂ ನಿಯತ್ತಿದೆ.

ಡಾಕ್ಟರು, "ದೀದಿ, ಇನ್ನು ಎರಡು ಚಕ್ರದ ಆಸೆ ಬಿಟ್ಟುಬಿಡಿ" ಎಂದರು. ಎಷ್ಟು ಸಲೀಸಾಗಿ ಹೇಳಿದರು ನೋಡು. ನೀವು ಇನ್ನೂ ಕೋಲ್ಕತ್ತಾದಲ್ಲೇ ಇದ್ದಾಗ, ನನ್ನ ಐವತ್ತಮೂರನೇ ವಯಸ್ಸಿನಲ್ಲಿ, ನೀನು ಹಿಂದಿನಿಂದ ಸೀಟು ಹಿಡಿದು ಓಡುತ್ತ, ನಾನು ಕೆರೆಯ ಸುತ್ತ ಕಿರುಚುತ್ತ ಕಲಿತ ವಿದ್ಯೆ. ಬೆಳಗಿನ ವಾಕಿಂಗ್‌ಗೆ ಬಂದ ಬಂಗಾಳಿ ಬಾಬುಗಳೆಲ್ಲ ನಿಂತು ನೋಡುತ್ತಿದ್ದರು. ಅರವತ್ತೊಂದಕ್ಕೆ ಅದನ್ನು ಮರೆಯಬೇಕಂತೆ.

ಅಜಯ ನದಿಯ ಕಣಿವೆಯನ್ನು ಏಳು ಚಳಿಗಾಲ ತುಂಡು ತುಂಡಾಗಿ ಮುಗಿಸಿಕೊಂಡು ಬಂದೆವು. ಎಷ್ಟು ತುಂಡಾಯಿತೋ ಅಷ್ಟಕ್ಕೆ ನಿಂತು, ಮುಂದಿನ ಚಕ್ರವನ್ನು ನದಿಯಲ್ಲಿ ತೊಳೆದು ಮನೆಗೆ ಬಂದೆವು. ಉಳಿದಿರುವುದು ಒಂದೇ ತುಂಡು, ಇಲಂಬಜಾರಿನಿಂದ, ನದಿ ಗಂಗೆಗೆ ಸೇರುವ ಕಾಟ್ವಾದ ಸಂಗಮದವರೆಗೆ. ಅದಕ್ಕೆಂದೇ ಫೆಬ್ರವರಿಯಲ್ಲಿ ನಾನೂ ಇವರೂ ಬಸ್ಸಿನಲ್ಲಿ, ಟೋಟೋ ರಿಕ್ಷಾದಲ್ಲಿ ಸುತ್ತಿ ದಾರಿ ಬರೆದುಕೊಂಡು ಬಂದೆವು. ಪುಸ್ತಕ ಹಾಗೇ ಬೀರುವಿನಲ್ಲಿದೆ. ನಾವಿಬ್ಬರೂ ಒಟ್ಟಿಗೆ ಮುಗಿಸೋಣ ಎಂದು ಮಾತಾಗಿತ್ತು, ನೆನಪಿದೆ ತಾನೆ?

ಅಂದಹಾಗೆ, ನಮ್ಮ ಮಹಡಿಯ ಬಾಡಿಗೆ ಕೋಣೆಯ ಸ್ಫೂರ್ತಿ ಹೋದ ಶನಿವಾರ ಆಸನ್‌ಸೋಲಿಗೆ ಬಂದು ನಿನ್ನ ಜೊತೆ ಸವಾರಿ ಮಾಡಿದಳಂತೆ. ನಿಮ್ಮಿಬ್ಬರ ಪರಿಚಯ ಮಾಡಿಸಿದವಳು ನಾನೇ. ಯುಗಾದಿಗೆ ಒಬ್ಬಟ್ಟು ತಿನ್ನಲು ಕರೆದು ಎದುರುಬದುರು ಕೂರಿಸಿದ್ದೆ. ಈಗ ಅವಳು ಮೆಟ್ಟಿಲಿಳಿಯುತ್ತಲೇ, "ಆಂಟಿ, ವಾಸಂತಿ ಆಂಟಿ ಸೂಪರ್! ಗೇರ್ ಸೈಕಲ್ ಒಂದೇ ದಿನಕ್ಕೆ ಕಲಿತುಬಿಟ್ರು!" ಎನ್ನುತ್ತಾಳೆ. ನನ್ನ ಜೊತೆ ಏಳು ವರ್ಷ ಗೇರಿಲ್ಲದೆ ತುಳಿದೆಯಲ್ಲ, ಆಗ ನೀನು ಸೂಪರ್ ಆಗಿರಲಿಲ್ಲವೋ ಏನೋ. ಇರಲಿ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.

ನಿನ್ನ
ಸುಭದ್ರಕ್ಕ


ರೈಲ್ವೆ ಕ್ವಾರ್ಟರ್ಸ್, ಆಸನ್‌ಸೋಲ್
೨೮ ಆಗಸ್ಟ್ ೨೦೨೪

ಅಕ್ಕಾ,

ನಿನ್ನ ಕಾಗದ ಎರಡು ಸಲ ಓದಿದೆ. ಮೊದಲು ನಗು ಬಂತು, ಆಮೇಲೆ ಅಳು ಬಂತು. ನಮ್ಮ ಯಜಮಾನರು, "ಏನಾತ? ಯಾರು ಹೋದ್ರು?" ಎಂದು ಗಾಬರಿಯಾದರು. "ಯಾರೂ ಹೋಗಿಲ್ಲರೀ, ಅಕ್ಕನ ಸೈಕಲ್ ಹೋತು" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಧಾರವಾಡದ ಗಂಡಸು ಮತ್ತು ರೈಲ್ವೆ ಎಂಜಿನಿಯರ್, ಎರಡೂ ಕೂಡಿದರೆ ಹಾಗೇ.

ಅಕ್ಕಾ, ಒಂದು ಮಾತು ಕೇಳುತ್ತೇನೆ. ಬೇಡ ಅಂದರೆ ಬೇಡ, ಆ ಮಾತು ಅಲ್ಲಿಗೇ ಬಿಡೋಣ. ಇವರು ಬರುವ ಏಪ್ರಿಲ್ಲಿಗೆ ನಿವೃತ್ತಿ. ಆಮೇಲೆ ಹುಬ್ಬಳ್ಳಿ ಎನ್ನುತ್ತಿದ್ದಾರೆ. ನನಗೆ ಇದೊಂದೇ ಚಳಿಗಾಲ ಉಳಿದದ್ದು. ಕೊನೆಯ ತುಂಡನ್ನು ಸ್ಫೂರ್ತಿಯ ಜೊತೆ ಮುಗಿಸಲೇ? ಕಾಳಿಪೂಜೆಯ ರಜೆ ಬಿಟ್ಟರೆ ಅವಳಿಗೆ ಡಿಸೆಂಬರ್ ಮುಗಿಯುವವರೆಗೂ ಬಿಡುವಿಲ್ಲವಂತೆ. ನೀನು ಕಾಟ್ವಾಕ್ಕೆ ರೈಲಿನಲ್ಲಿ ಬಂದು ಸಂಗಮದಲ್ಲಿ ನಿಂತಿರು. ಚಕ್ರ ಒಟ್ಟಿಗೇ ತೊಳೆಯೋಣ.

ಸ್ಫೂರ್ತಿ ತನ್ನ ಫೋನಿನಲ್ಲಿ ದಾರಿ ಇದೆ ಎನ್ನುತ್ತಾಳೆ. ನಾನು ಹೇಳಿದೆ, "ನೋಡವಾ, ನಿನ್ನ ಫೋನು ನೀ ನೋಡು. ಅಕ್ಕನ ಚೀಟಿ ಇಲ್ಲದ ನಾ ಒಂದು ತಿರುವೂ ತಿರುಗಂಗಿಲ್ಲ." ನೀಲಿ ಗುರುತು ಎಂದರೆ ನೀರು, ಚಹಾ, ಮರದ ನೆರಳು. ಕೆಂಪು ಎಂದರೆ ಇಳಿದು ತಳ್ಳು. ಏಳು ವರ್ಷದಲ್ಲಿ ನಿನ್ನ ಚೀಟಿ ಒಂದು ಸಲವೂ ಸುಳ್ಳು ಹೇಳಿಲ್ಲ. ಎಲ್ಲಿ ಕಪ್ಪು ನಾಯಿ ಅಟ್ಟಿಸಿಕೊಂಡು ಬರುತ್ತದೆ ಎನ್ನುವುದಕ್ಕೂ ಕೆಂಪು ಹಾಕಿದವಳು ನೀನು.

ಕಿವಿಗೆ ಬೆಳ್ಳುಳ್ಳಿ ಎಣ್ಣೆ ಗಿಣ್ಣೆ ಬಿಡಬೇಡ. ಡಾಕ್ಟರು ಹೇಳಿದ್ದನ್ನು ಕೇಳು.

ನಿನ್ನ
ವಾಸಂತಿ


ಲೇಕ್ ಗಾರ್ಡನ್ಸ್
೧೫ ಸೆಪ್ಟೆಂಬರ್ ೨೦೨೪

ಪ್ರೀತಿಯ ವಾಸಂತಿ,

ಹೋಗಿ ಬಾ. ಧಾರಾಳವಾಗಿ ಹೋಗಿ ಬಾ. ನದಿಯೇನು ನನ್ನ ತವರಿನವರು ಬಳುವಳಿ ಕೊಟ್ಟಿದ್ದೇ?

ಕಾಟ್ವಾಕ್ಕೆ ಬರುವುದು ಆಗಲಿಕ್ಕಿಲ್ಲ. ರೈಲು ಅಲುಗಿದರೆ ತಲೆ ತಿರುಗುತ್ತದೆ. ಅದಲ್ಲದೆ, ದಡದಲ್ಲಿ ಟವಲು ಹಿಡಿದು ನಿಲ್ಲುವ ಕೆಲಸಕ್ಕೆ ನನ್ನಂಥವರು ಇನ್ಯಾರಾದರೂ ಸಿಗುತ್ತಾರೆ.

ಸ್ಫೂರ್ತಿ ದಿನಾ ಸಂಜೆ ವರಾಂಡದಲ್ಲಿ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಚೈನಿಗೆ ಎಣ್ಣೆ ಬಿಡುತ್ತಾಳೆ. ಆ ಕೆಲಸ ಮಾಡುತ್ತಲೇ ನಿನ್ನ ಜೊತೆ ಫೋನು. ನನಗೆ ಬಲಗಿವಿ ಚೆನ್ನಾಗಿಯೇ ಕೇಳಿಸುತ್ತದೆ, ಮರೆಯಬೇಡ. ನಿನ್ನೆ ನೀವಿಬ್ಬರೂ ಯಾವುದಕ್ಕೋ ಹತ್ತು ನಿಮಿಷ ನಕ್ಕಿರಿ. ಏನದು ಎಂದು ಕೇಳಿದರೆ, "ಏನಿಲ್ಲ ಆಂಟಿ, ಸುಮ್ನೆ" ಎಂದಳು. ಇವರು ನನ್ನ ಮುಖ ನೋಡಿ, "ಯಾಕೆ, ಹೊಟ್ಟೆ ಉರಿಯುತ್ತಿದೆಯಾ? ಮಜ್ಜಿಗೆ ಕುಡಿ" ಎಂದರು. ನಲವತ್ತು ವರ್ಷದಲ್ಲಿ ಒಮ್ಮೆಯೂ ಸರಿಯಾಗಿ ರೋಗ ಹಿಡಿಯದ ಮನುಷ್ಯ ಈ ಸಲ ಹಿಡಿದುಬಿಟ್ಟರು.

ದಸರೆಯ ಪೂಜೆ ಕಳೆದ ಮೇಲೆ ಚೀಟಿ ಕಳಿಸುತ್ತೇನೆ.

ಸುಭದ್ರಕ್ಕ


ಲೇಕ್ ಗಾರ್ಡನ್ಸ್
೧೬ ಅಕ್ಟೋಬರ್ ೨೦೨೪

ವಾಸಂತಿ,

ಬಿಜಯಾದ, ಅಂದರೆ ನಮ್ಮ ವಿಜಯದಶಮಿಯ ಶುಭಾಶಯ. ಚೀಟಿ ಇದರೊಳಗಿದೆ. ಬಣ್ಣ ಮಾಸಿದರೆ ಎಂದು ಇಲ್ಲಿಯೂ ಬರೆಯುತ್ತೇನೆ.

ಇಲಂಬಜಾರ್ ಬಸ್ ನಿಲ್ದಾಣದಿಂದ ಪೂರ್ವಕ್ಕೆ ಏರಿಯ ದಾರಿ. ನದಿ ನಿನ್ನ ಬಲಕ್ಕೆ ಇರಬೇಕು. ನಾಲ್ಕು ಕಿಲೋಮೀಟರಿಗೆ ಕೆಂಪು: ಮರಳಿನ ಲಾರಿಗಳು ಓಡಾಡಿ ಏರಿ ಕುಸಿದಿದೆ, ಇಳಿದು ತಳ್ಳು. ಒಂಬತ್ತಕ್ಕೆ ನೀಲಿ: ಶಾಲೆಯ ಬಾವಿ, ಎದುರಿಗೆ ಮಂಡಕ್ಕಿ ಚಹಾ ಕೊಡುವ ಹೆಂಗಸು. ಆಮೇಲೆ ಹದಿನಾಲ್ಕು ಕಿಲೋಮೀಟರು ಬರೀ ತಾಳೆಮರ ಮತ್ತು ಸಾಸಿವೆ ಹೊಲ. ನವೆಂಬರಿನಲ್ಲಿ ಹೂ ಇರುವುದಿಲ್ಲ, ನನ್ನ ಜೊತೆ ಜನವರಿಯಲ್ಲಿ ಹೋಗಿದ್ದರೆ ಹಳದಿ ನೋಡುತ್ತಿದ್ದೆ. ಮೂವತ್ತೊಂದಕ್ಕೆ ಶಿಮುಲ್‌ಡಾಂಗಾ ಎಂಬ ಹಳ್ಳಿ. ಅಲ್ಲಿ ಬಿದಿರಿನ ಸೇತುವೆ ದಾಟಿ ದಕ್ಷಿಣ ದಡ ಹಿಡಿ. ಇನ್ನು ಮೇಲೆ ನದಿ ಎಡಕ್ಕೆ. ನಲವತ್ತೆರಡಕ್ಕೆ ಕೆಂಪು: ಇಟ್ಟಿಗೆ ಗೂಡಿನ ನಾಯಿಗಳು. ಮುಂದೆ ಸಂಗಮದವರೆಗೂ ಒಳ್ಳೆಯ ದಾರಿ.

ಶುಭವಾಗಲಿ.

ಸುಭದ್ರಾ


ಆಸನ್‌ಸೋಲ್
೧೧ ನವೆಂಬರ್ ೨೦೨೪

ಅಕ್ಕಾ,

ಸ್ಫೂರ್ತಿ ನಿನಗೆ ಅಷ್ಟಿಷ್ಟು ಹೇಳಿರುತ್ತಾಳೆ. ಗಾಬರಿಯಾಗಬೇಡ, ಜೀವಕ್ಕೇನೂ ಆಗಿಲ್ಲ. ಎಡಪಾದದ ಮೂಳೆ ಬಿರುಕು ಬಿಟ್ಟಿದೆ, ಪ್ಲಾಸ್ಟರ್ ಹಾಕಿದ್ದಾರೆ. ಪಲ್ಲಂಗದ ಮೇಲೆ ಕೂತು ಬರೆಯುತ್ತಿದ್ದೇನೆ.

ಎರಡನೇ ತಾರೀಖು ಬೆಳಿಗ್ಗೆ ಆರಕ್ಕೆ ಹೊರಟೆವು. ಏನು ದಾರಿ ಅಕ್ಕಾ! ಮಂಜು, ತಾಳೆಮರದ ಸಾಲು, ಏರಿಯ ಮೇಲೆ ನಾವಿಬ್ಬರೇ. ಮಂಡಕ್ಕಿಯ ಹೆಂಗಸು ನಿನ್ನನ್ನು ನೆನೆಸಿಕೊಂಡಳು, "ಆ ಕನ್ನಡಕದ ದೀದಿ ಬರಲಿಲ್ಲವೇ?" ಎಂದು. ಶಿಮುಲ್‌ಡಾಂಗಾ ತಲುಪಿದಾಗ ಹತ್ತೂವರೆ. ಸೇತುವೆ ಇರಲಿಲ್ಲ. ದಡದಲ್ಲಿ ಬಿದಿರು ರಾಶಿ ರಾಶಿ ಒಟ್ಟಿದ್ದರು. ಇನ್ನೂ ಕಟ್ಟಬೇಕಂತೆ. ನೀರು ಕಡಿಮೆ, ಮರಳೇ ಹೆಚ್ಚು. ಊರವನೊಬ್ಬ, "ಮಾಶಿಮಾ, ಜಾಬೆನ್ ನಾ" ಎಂದ. ಹೋಗಬೇಡಿ ಎಂದು ಅವನು ಹೇಳಿದ್ದು ನನಗೆ ಚೆನ್ನಾಗಿ ಅರ್ಥವಾಯಿತು. ಸ್ಫೂರ್ತಿಯೂ, "ಆಂಟಿ, ವಾಪಸ್ ಹೋಗೋಣ, ಹನ್ನೊಂದು ಕಿಲೋಮೀಟರ್ ಹಿಂದೆ ಕಾಂಕ್ರೀಟ್ ಸೇತುವೆ ಇದೆ" ಎಂದಳು. ನಾನು ಚೀಟಿ ತೆಗೆದು ತೋರಿಸಿದೆ. "ಇಲ್ಲೆ ಕೆಂಪಿಲ್ಲ ನೋಡು. ಅಕ್ಕ ಕೆಂಪು ಹಾಕಿಲ್ಲ ಅಂದ್ರ ಮೊಣಕಾಲುದ್ದ ನೀರು, ಅಷ್ಟs" ಎಂದೆ. ಎಷ್ಟು ಸಲ ಹಾಗೆ ನಾವು ಸೈಕಲ್ ಹೆಗಲಿಗೇರಿಸಿ ದಾಟಿಲ್ಲ ಹೇಳು?

ಹದಿನೈದು ಹೆಜ್ಜೆ ಹೋಗಿದ್ದೆ. ಮರಳು ಕಾಲು ನುಂಗಿತು. ಮೊಣಕಾಲು, ಆಮೇಲೆ ಸೊಂಟ. ಎಳೆದಷ್ಟೂ ಒಳಗೆ. ಇಲ್ಲಿಯವರು ಅದಕ್ಕೆ ಚೋರಾಬಾಲಿ ಎನ್ನುತ್ತಾರೆ, ಕಳ್ಳ ಮರಳು. ಸೇತುವೆಗೆ ತಂದಿದ್ದ ಬಿದಿರನ್ನೇ ಅಡ್ಡಡ್ಡ ಹಾಸಿ, ಆರು ಜನ ಹೊಟ್ಟೆಯ ಮೇಲೆ ತೆವಳಿಕೊಂಡು ಬಂದು ನನ್ನನ್ನೂ ಸೈಕಲ್ಲನ್ನೂ ಎಳೆದರು. ಆ ಎಳೆತಕ್ಕೇ ಪಾದದ ಮೂಳೆ ಬಿರುಕು ಬಿಟ್ಟದ್ದು. ಸ್ಫೂರ್ತಿ ದಡದಲ್ಲಿ ನಿಂತು ಅಮ್ಮಾ ಅಮ್ಮಾ ಎಂದು ಕೂಗುತ್ತಿದ್ದಳು. ನನಗೋ, ತನ್ನ ತಾಯಿಯನ್ನು ಕರೆಯುತ್ತಿದ್ದಾಳೆಯೋ ನನ್ನನ್ನೋ ತಿಳಿಯಲಿಲ್ಲ.

ಚೀಟಿ ನೀರುಪಾಲಾಯಿತು. ನಿನ್ನ ಕಾಗದವೂ ಅದರ ಜೊತೆಗೇ ಇತ್ತು. ಅಕ್ಕಾ, ನನಗೆ ಗೊತ್ತು, ನೀನು ಅಲ್ಲಿ ಕೆಂಪು ಹಾಕಿಯೇ ಹಾಕಿರುತ್ತೀ. ನನ್ನ ಕಣ್ಣಿಗೆ ಬೀಳಲಿಲ್ಲ. ಅದಕ್ಕಾಗಿ ನೀನು ಬೇಸರ ಮಾಡಿಕೊಳ್ಳಬೇಡ. ತಪ್ಪು ನನ್ನ ಕಣ್ಣಿನದು.

ನಿನ್ನ
ವಾಸಂತಿ


ಲೇಕ್ ಗಾರ್ಡನ್ಸ್
೧೮ ನವೆಂಬರ್ ೨೦೨೪

ಪ್ರೀತಿಯ ವಾಸಂತಿ,

ದೇವರು ದೊಡ್ಡವನು. ಮಂಗಳವಾರ ಕಾಳಿಘಾಟಿಗೆ ಹೋಗಿ ನಿನ್ನ ಹೆಸರಿನಲ್ಲಿ ದಾಸವಾಳದ ಹಾರ ಹಾಕಿಸಿ ಬಂದೆ. ಸರದಿಯಲ್ಲಿ ಒಂದೂವರೆ ಗಂಟೆ ನಿಂತೆ, ತಲೆ ತಿರುಗಿದರೂ ಕೂರಲಿಲ್ಲ.

ಕಾಲು ಊರಬೇಡ. ಕಣ್ಣು ತೋರಿಸಿಬಿಡು. ಈ ವಯಸ್ಸಿನಲ್ಲಿ ಪೊರೆ ಬರುವುದು ಸಹಜ. ಬರೆಯಲು ಇನ್ನೇನೂ ತೋಚುತ್ತಿಲ್ಲ.

ಸುಭದ್ರಾ


ಆಸನ್‌ಸೋಲ್
೨ ಡಿಸೆಂಬರ್ ೨೦೨೪

ಅಕ್ಕಾ,

ಕಣ್ಣು ತೋರಿಸಿದೆ. ಪೊರೆಯಿಲ್ಲ, ಏನೂ ಇಲ್ಲ. ಕೆಂಪು ಹಸಿರು ಚುಕ್ಕೆಗಳ ಪುಸ್ತಕ ಹಿಡಿದು ಕೇಳಿದರು, ಎಲ್ಲ ಸರಿಯಾಗಿ ಹೇಳಿದೆ. "ನಲವತ್ತರ ಕಣ್ಣು ನಿಮ್ಮದು" ಎಂದರು ಡಾಕ್ಟರು. ಚಂದ್ರಶೇಖರರಿಗೆ ಖುಷಿಯೋ ಖುಷಿ. ನನಗೆ ಅಲ್ಲಿಂದ ನಿದ್ದೆ ಹೋಯಿತು.

ಕಣ್ಣು ಸರಿಯಿದ್ದರೆ ಕೆಟ್ಟದ್ದು ತಲೆ ತಾನೆ? ನಮ್ಮವ್ವನ ಸಂಗತಿ ನಿನಗೊಬ್ಬಳಿಗೇ ಹೇಳಿದ್ದೆ. ಅವಳಿಗೂ ಹೀಗೇ ಶುರುವಾಗಿದ್ದು. ಎದುರಿಗಿದ್ದ ವಸ್ತು ಕಾಣುತ್ತಿತ್ತು, ಆದರೆ ಮನಸ್ಸಿಗೆ ಇಳಿಯುತ್ತಿರಲಿಲ್ಲ. ಹಾಲು ಉಕ್ಕುವುದನ್ನು ನೋಡುತ್ತ ನಿಂತಿರುತ್ತಿದ್ದಳು. ಕಡೆಗೆ ನನ್ನ ಹೆಸರೂ ಹೋಯಿತು. ಶುರುವಾದಾಗ ಅವಳಿಗೆ ನನ್ನ ಈಗಿನ ವಯಸ್ಸು.

ಈಗ ನಾನು ಗ್ಯಾಸು ಆರಿಸಿ ಮೂರು ಸಲ ನೋಡುತ್ತೇನೆ. ಬಾಗಿಲು ಹಾಕಿ ಮತ್ತೆ ಬಂದು ಜಗ್ಗುತ್ತೇನೆ. ಕೆಲಸಕ್ಕೆ ಬರುವ ಚಂಪಾಗೆ ನನ್ನ ಸೈಕಲ್ ಕೊಟ್ಟುಬಿಟ್ಟೆ. ತುಳಿಯುವ ಧೈರ್ಯ ಇನ್ನಿಲ್ಲ. ಆ ದಿನ ಸ್ಫೂರ್ತಿ ನನ್ನ ಹಿಂದೆಯೇ ಬರಲು ಹೊರಟಿದ್ದಳು, ಶೂ ಬಿಚ್ಚಲು ಕೂತಳು ಎಂದು ಉಳಿದುಕೊಂಡಳು. ಪರರ ಮಗಳನ್ನು ಕರೆದುಕೊಂಡು ಹೋಗುವ ತಲೆಯೇ ಇದು?

ಒಂದು ಉಪಕಾರ ಮಾಡು. ಚೀಟಿ ಬರೆದ ಮೂಲ ಪುಸ್ತಕ ನಿನ್ನ ಬೀರುವಿನಲ್ಲಿ ಇರುತ್ತದಲ್ಲ, ತೆಗೆದು ನೋಡಿ ಹೇಳು. ಶಿಮುಲ್‌ಡಾಂಗಾದ ಹತ್ತಿರ ಕೆಂಪು ಇದೆ ತಾನೆ? ಇದೆ ಎಂದು ನಿನ್ನ ಕೈಯಲ್ಲಿ ಬರೆದರೆ ಅದನ್ನೇ ತೆಗೆದುಕೊಂಡು ದೊಡ್ಡ ಡಾಕ್ಟರ ಹತ್ತಿರ ಹೋಗುತ್ತೇನೆ. ಕೋಲ್ಕತ್ತಾದಲ್ಲಿ ತಲೆಯ ಡಾಕ್ಟರು ಯಾರು ಒಳ್ಳೆಯವರು ಎಂದು ಭಾವನವರನ್ನು ಕೇಳಿಟ್ಟಿರು.

ನಿನ್ನ
ವಾಸಂತಿ


ಲೇಕ್ ಗಾರ್ಡನ್ಸ್
೭ ಡಿಸೆಂಬರ್ ೨೦೨೪

ವಾಸಂತಿ,

ಡಾಕ್ಟರ ಹತ್ತಿರ ಹೋಗಬೇಡ. ನಿನ್ನ ತಲೆ ಸರಿಯಿದೆ, ಕಣ್ಣೂ ಸರಿಯಿದೆ. ಚೀಟಿಯಲ್ಲಿ ಕೆಂಪು ಇರಲಿಲ್ಲ. ನಾನು ಹಾಕಲಿಲ್ಲ.

ಮರೆತೆ ಎಂದು ಬರೆಯಬಹುದಿತ್ತು. ಎರಡು ದಿನ ಹಾಗೆಯೇ ಬರೆದು ಹರಿದೆ. ಮರೆಯಲಿಲ್ಲ ವಾಸಂತಿ. ಫೆಬ್ರವರಿಯಲ್ಲಿ ಹೋದಾಗ ಸೇತುವೆಯ ತಲೆಯಲ್ಲಿ ಕೂತಿದ್ದ ಮುದುಕ ಎಲ್ಲ ಹೇಳಿದ್ದ. ಮಳೆಗೆ ಮುಂಚೆ ಸೇತುವೆ ಬಿಚ್ಚುತ್ತೇವೆ, ಕಾಳಿಪೂಜೆ ಕಳೆದು ಇಪ್ಪತ್ತು ದಿನಕ್ಕೆ ಮತ್ತೆ ಕಟ್ಟುತ್ತೇವೆ, ಅಲ್ಲಿಯವರೆಗೆ ಮರಳಿಗೆ ಇಳಿಯುವಂತಿಲ್ಲ ಎಂದು. ಪುಸ್ತಕದಲ್ಲಿ ಕೆಂಪು ಪೆನ್ಸಿಲಿನಲ್ಲಿ ಬರೆದು ಎರಡು ಸಲ ಗೆರೆ ಎಳೆದಿದ್ದೇನೆ. ಆ ಹಾಳೆ ಹರಿದು ಇದರೊಳಗೆ ಇಟ್ಟಿದ್ದೇನೆ, ನೋಡಿಕೋ.

ಹೇಗಾಯಿತು ಎಂದು ಹೇಳುತ್ತೇನೆ. ಅಕ್ಟೋಬರ್ ಹದಿನಾರರ ಬೆಳಿಗ್ಗೆ ಊಟದ ಮೇಜಿನ ಮೇಲೆ ಚೀಟಿ ಬರೆಯುತ್ತಿದ್ದೆ. ವರಾಂಡದಲ್ಲಿ ಸ್ಫೂರ್ತಿ ಟೈರಿಗೆ ಗಾಳಿ ಹೊಡೆಯುತ್ತಿದ್ದಳು, ನೀನು ಫೋನಿನಲ್ಲಿದ್ದೆ. "ಸುಭದ್ರಾ ಆಂಟಿಗೆ ಬೇಜಾರಾಗಲ್ವಾ?" ಎಂದು ಅವಳು ಕೇಳಿದಳು. ನೀನೇನು ಹೇಳಿದೆಯೋ ನನಗೆ ಕೇಳಿಸಲಿಲ್ಲ. ಅವಳು ನಕ್ಕಳು. ನನ್ನ ಕೈಯಲ್ಲಿ ಕೆಂಪು ಪೆನ್ಸಿಲ್ ಇತ್ತು. ಅದನ್ನು ಡಬ್ಬಿಯೊಳಗೆ ಇಟ್ಟುಬಿಟ್ಟೆ.

ನನಗೆ ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಡಲು ಬರುವುದಿಲ್ಲ. ನೀನು ಗೇರ್ ಸೈಕಲ್ ಕಲಿತದ್ದಕ್ಕೆ, ಅವಳಿಗೆ ಇಪ್ಪತ್ತಾರು ವರ್ಷ ಎನ್ನುವುದಕ್ಕೆ, ಅವಳ ಕಿವಿ ಚೆನ್ನಾಗಿರುವುದಕ್ಕೆ ಕೂಡ. ನಾನು ಕೂತು ದಾರಿ ಬರೆಯಬೇಕು, ನೀವು ಅದರಲ್ಲಿ ಹೋಗಬೇಕು. ಸೇತುವೆ ಇಲ್ಲದಿದ್ದರೆ ಹಿಂದಕ್ಕೆ ಬರುತ್ತಾರೆ, ಸಂಗಮ ಉಳಿಯುತ್ತದೆ, ಇಷ್ಟೇ ನನ್ನ ಲೆಕ್ಕಾಚಾರ. ಸೇತುವೆ ಇಲ್ಲದ್ದು ಕಣ್ಣಿಗೆ ಕಾಣುತ್ತದೆ ಎಂದುಕೊಂಡೆ. ನೀನು ನಿನ್ನ ಕಣ್ಣಿಗಿಂತ ನನ್ನ ಚೀಟಿಯನ್ನು ಹೆಚ್ಚು ನಂಬುತ್ತೀಯ ಎನ್ನುವುದನ್ನು ಮರೆತಿದ್ದೆ. ಮರೆತದ್ದು ಅದೊಂದೇ.

ಇನ್ನೂ ಹೇಳಬೇಕಾದದ್ದಿದೆ, ಅದು ಇದಕ್ಕಿಂತ ಕೆಟ್ಟದ್ದು. ನವೆಂಬರಿನಲ್ಲಿ ಸ್ಫೂರ್ತಿ ಬಂದು ಹೇಳಿದಾಗ ಮೊದಲು ಜೀವ ಹಾರಿತು. ಆಮೇಲೆ, ಒಂದೇ ಒಂದು ಕ್ಷಣ, ಸಂಗಮ ತಲುಪಲಿಲ್ಲವಲ್ಲ ಎಂದು ಸಮಾಧಾನವಾಯಿತು. ಅದನ್ನು ಮುಚ್ಚಿಕೊಳ್ಳಲು ಕಾಳಿಘಾಟಿಗೆ ಓಡಿದೆ. ನೀನು ನಿನ್ನ ಕಣ್ಣನ್ನು ಅನುಮಾನಿಸುತ್ತಿದ್ದಾಗ, ಪೊರೆ ಇರಬೇಕು ತೋರಿಸು ಎಂದು ಬರೆದೆ. ನಿನ್ನ ತಾಯಿಯ ವಿಷಯ ಬರುವವರೆಗೂ ಬಾಯಿ ಬಿಡಲಿಲ್ಲ. ನೀನು ಗ್ಯಾಸಿನ ಮುಂದೆ ಮೂರು ಸಲ ನಿಲ್ಲುವುದು ನನ್ನಿಂದ.

ಸ್ಫೂರ್ತಿಯನ್ನು ಕರೆದು ಹೇಳಿದ್ದೇನೆ. ಅವಳು ಎದ್ದು ಮೇಲೆ ಹೋದಳು. ಇವರಿಗೂ ಹೇಳಿದೆ. ಈ ಸಲ ಮಜ್ಜಿಗೆ ಕುಡಿ ಎನ್ನಲಿಲ್ಲ.

ಕ್ಷಮಿಸು ಎಂದು ಕೇಳುವ ಮುಖವಿಲ್ಲ. ಚಂಪಾಳಿಂದ ಸೈಕಲ್ ವಾಪಸು ತೆಗೆದುಕೋ. ನೀನು ತುಳಿ.

ಸುಭದ್ರಾ


(ಅಂಚೆ ಕಾರ್ಡು)

ಆಸನ್‌ಸೋಲ್
೧೯ ಡಿಸೆಂಬರ್ ೨೦೨೪

ಶ್ರೀಮತಿ ಸುಭದ್ರಾ ರಾಜಗೋಪಾಲ ಅವರಿಗೆ ನಮಸ್ಕಾರಗಳು.

ತಮ್ಮ ಪತ್ರ ಮತ್ತು ಹಾಳೆ ತಲುಪಿದವು.

ಇತಿ,
ವಾಸಂತಿ ಚಂದ್ರಶೇಖರ


ಲೇಕ್ ಗಾರ್ಡನ್ಸ್
೧೯ ಜನವರಿ ೨೦೨೫

ವಾಸಂತಿ,

ನಿನ್ನ ಕಾರ್ಡಿನ ಎರಡು ಸಾಲನ್ನು ತಿಂಗಳಿಡೀ ಓದಿದೆ. "ಅವರಿಗೆ", "ತಮ್ಮ". ಇದಕ್ಕಿಂತ ನೀನು ಧಾರವಾಡದ ಭಾಷೆಯಲ್ಲಿ ನಾಲ್ಕು ಬೈದಿದ್ದರೆ ಒಳ್ಳೆಯದಿತ್ತು. ಮಾಡಿದ್ದುಣ್ಣೋ ಮಹರಾಯ ಎಂದು ಸುಮ್ಮನಿದ್ದೇನೆ.

ಸ್ಫೂರ್ತಿ ಕೋಣೆ ಖಾಲಿ ಮಾಡಿ ಸಾಲ್ಟ್ ಲೇಕಿಗೆ, ಆಫೀಸಿನ ಹತ್ತಿರವೇ ಹೋದಳು. ಹೋಗುವಾಗ ಇವರ ಕಾಲು ಮುಟ್ಟಿದಳು, ನನಗೆ ಕೈ ಮುಗಿದಳು. ವರಾಂಡದಲ್ಲಿ ಅವಳ ಚೈನಿನ ಎಣ್ಣೆಯ ಕಲೆ ಉಳಿದಿದೆ. ಕೆಲಸದವಳು ಉಜ್ಜಲು ಹೋದರೆ ಬೇಡ ಎಂದೆ.

ಸಂಕ್ರಾಂತಿಗೆ ಎಳ್ಳು ಬೆಲ್ಲ ಮಾಡಿದೆ. ನಿನ್ನ ಪಾಲು ಕಟ್ಟಿಟ್ಟಿದ್ದೇನೆ, ಕಳಿಸುವ ಧೈರ್ಯವಾಗಲಿಲ್ಲ. ಎಳ್ಳು ತಿಂದು ಒಳ್ಳೆಯ ಮಾತಾಡು ಎಂದು ಯಾವ ಬಾಯಲ್ಲಿ ಹೇಳಲಿ?

ಬೆಳಿಗ್ಗೆ ಸದರ್ನ್ ಅವೆನ್ಯೂದಲ್ಲಿ ನಡೆಯುತ್ತೇನೆ. ಕೋಲು ಹಿಡಿದಿದ್ದೇನೆ. ನನ್ನ ಸೈಕಲ್ ಮೆಟ್ಟಿಲ ಕೆಳಗೇ ಇದೆ. ಅದಕ್ಕೆ ವಾರಕ್ಕೊಮ್ಮೆ ಗಾಳಿ ಹಾಕುತ್ತೇನೆ, ಯಾಕೋ ಗೊತ್ತಿಲ್ಲ.

ಉತ್ತರ ಬರೆಯಬೇಕೆಂದಿಲ್ಲ. ತಲೆ ಸರಿಯಿದೆ ಎಂಬುದು ನಿನಗೆ ಮನದಟ್ಟಾಗಿದ್ದರೆ ಸಾಕು.

ಸುಭದ್ರಾ


ಆಸನ್‌ಸೋಲ್
೧೧ ಮಾರ್ಚ್ ೨೦೨೫

ಸುಭದ್ರಕ್ಕಾ,

ಬೈಗುಳ ಬೇಕು ಎಂದಿದ್ದೆಯಲ್ಲ, ತೆಗೆದುಕೋ. "ನಿನ್ನ ಬಾಯಾಗ ಮಣ್ಣ ಬೀಳಲಿ, ಎಂಥಾ ಹೊಟ್ಟಿಬ್ಯಾನಿ ಹೆಂಗಸs ನೀನು." ಇದನ್ನು ಡಿಸೆಂಬರಿನಲ್ಲಿ ನಿನ್ನ ಕಾಗದ ಓದಿದ ದಿನ ಅಡಿಗೆಮನೆಯಲ್ಲಿ ನಿಂತು ಜೋರಾಗಿ ಹೇಳಿದ್ದೆ. ಚಂಪಾಗೆ ಕನ್ನಡ ಬಾರದಿದ್ದರೂ ಪೂರ್ತಿ ಅರ್ಥವಾಯಿತು. ಅಂದು ಗ್ಯಾಸು ಒಂದೇ ಸಲ ನೋಡಿ ಆರಿಸಿ ಮಲಗಿದೆ. ಅದಕ್ಕೇ ನಿನ್ನ ಮೇಲೆ ಇನ್ನಷ್ಟು ಸಿಟ್ಟು ಬಂತು. ನನ್ನ ನಿದ್ದೆ ಕೆಡಿಸಿದವಳೂ ನೀನೇ, ಕೊಟ್ಟವಳೂ ನೀನೇ.

ಇದು ಕೇಳು. ಫೆಬ್ರವರಿ ಇಪ್ಪತ್ತೆರಡಕ್ಕೆ ನಾನೂ ಸ್ಫೂರ್ತಿಯೂ ಮತ್ತೆ ಹೋದೆವು. ಆಗ ಸೇತುವೆ ಇತ್ತು. ನೀನು ಕಳಿಸಿದ ಮೂಲ ಹಾಳೆಯನ್ನು ಹಿಡಿದುಕೊಂಡೇ ಹೋದೆ. ಶಿಮುಲ್‌ಡಾಂಗಾದಲ್ಲಿ ಆ ಆರು ಜನರನ್ನು ಹುಡುಕಿ ಮಿಠಾಯಿ ಕೊಟ್ಟು, ಸೇತುವೆಯ ಮೇಲೆ ಇಳಿದು ತಳ್ಳಿಕೊಂಡು ದಾಟಿದೆ. ನಡುವೆ ನಿಂತು ಕೆಳಗೆ ನೋಡಿದೆ. ಸ್ಫೂರ್ತಿ ಹಿಂದೆ ನಿಂತು ಕಾದಳು. ಸಂಜೆ ನಾಲ್ಕಕ್ಕೆ ಸಂಗಮ. ಅಜಯದ ನೀರು ಮರಳಿನ ಬಣ್ಣ, ಗಂಗೆಯ ನೀರು ಬೇರೆ ಬಣ್ಣ, ಸ್ವಲ್ಪ ದೂರ ಎರಡೂ ಪಕ್ಕಪಕ್ಕ ಹರಿಯುತ್ತವೆ. ಚಕ್ರ ತೊಳೆದೆ. ನಿನಗಾಗಿ ಕಾಯಲಿಲ್ಲ. ಬೇಕೆಂದೇ ಕಾಯಲಿಲ್ಲ. ಹೊಟ್ಟೆ ಉರಿದುಕೋ.

ಬಾಟಲಿಯಲ್ಲಿ ನಿನಗೂ ನೀರು ತುಂಬೋಣವೇ ಎಂದು ಸ್ಫೂರ್ತಿ ಕೇಳಿದಳು. ನಾನು ಬೇಡ ಎಂದೆ. ಅಕ್ಕನ ಪಾಲು ಅಲ್ಲೇ ಇರಲಿ, ಕಾಟ್ವಾಕ್ಕೆ ರೈಲಿದೆ, ತಲೆ ತಿರುಗಿದರೆ ಹಿಡಿದುಕೊಳ್ಳಲು ಜನರಿದ್ದಾರೆ.

ಆ ದಿನ ಫೋನಿನಲ್ಲಿ ನಾನು ಏನು ಹೇಳಿದೆ ಎಂದು ನಿನಗೆ ಕೇಳಿಸಲಿಲ್ಲ ಎಂದೆಯಲ್ಲ. ಸುಭದ್ರಾ ಆಂಟಿಗೆ ಬೇಜಾರಾಗಲ್ವಾ ಎಂದು ಅವಳು ಕೇಳಿದ್ದಕ್ಕೆ ನಾನು, "ಆಗತದ. ಆಗದಿದ್ರ ಅಕಿ ನಮ್ಮಕ್ಕನs ಅಲ್ಲ" ಎಂದೆ. ಅದಕ್ಕೆ ಅವಳು ನಕ್ಕದ್ದು.

ಚಂಪಾ ಸೈಕಲ್ ವಾಪಸು ಕೊಡಲಿಲ್ಲ, ನಾನೂ ಕೇಳಲಿಲ್ಲ. ಅದರ ಮೇಲೆ ಅವಳು ಈಗ ರಾಣಿಯ ಹಾಗೆ ಬರುತ್ತಾಳೆ. ನನ್ನದು ಹೊಸದು, ಸ್ಫೂರ್ತಿ ಆರಿಸಿದ್ದು, ಗೇರಿನದು. ಇದನ್ನೂ ನಿನಗೆ ಉರಿಯಲಿ ಎಂದೇ ಬರೆಯುತ್ತಿದ್ದೇನೆ.

ಈ ಸಲ ಚೀಟಿ ಬರೆದವಳು ನಾನು. ನಕ್ಷೆ ಕಚೇರಿಯ ಕೈಯಲ್ಲ, ಗೆರೆ ಸೊಟ್ಟಗಿದೆ, ಸಹಿಸಿಕೋ.

ನಮ್ಮ ಕ್ವಾರ್ಟರ್ಸಿನಿಂದ ಆಸನ್‌ಸೋಲ್ ಸ್ಟೇಷನ್ನಿಗೆ ಮೂರು ಕಿಲೋಮೀಟರು. ಸೈಕಲ್ಲು ಲಗೇಜು ಡಬ್ಬಿಗೆ. ಹೌರಾದಲ್ಲಿ ಇಳಿದು ಲಾಂಚಿನಲ್ಲಿ ಹೊಳೆ ದಾಟಿ ಬಾಬುಘಾಟ್. ನೀಲಿ: ಘಾಟಿನ ಮಣ್ಣಿನ ಲೋಟದ ಚಹಾ. ಅಲ್ಲಿಂದ ದೊಡ್ಡ ರಸ್ತೆಗಳಲ್ಲಿ ಪೊಲೀಸರು ಸೈಕಲ್ ಬಿಡುವುದಿಲ್ಲ, ಗಲ್ಲಿ ಹಿಡಿಯಬೇಕು. ಕಾಳಿಘಾಟ್: ನೀನು ಹಾಕಿಸಿದ ಹಾರ ನನ್ನ ಹೆಸರಿನದೇ ತಾನೆ, ನಿಂತು ಕೈ ಮುಗಿಯಬೇಕು. ಸದರ್ನ್ ಅವೆನ್ಯೂ, ಕೆರೆಯ ಸುತ್ತ ಒಂದು ಸುತ್ತು, ಬಾಬುಗಳು ನೋಡಲಿ. ಲೇಕ್ ಗಾರ್ಡನ್ಸ್ ರೈಲು ಗೇಟು. ಗೇಟು ದಾಟಿ ಎಡಕ್ಕೆ ಮೂರನೇ ಮನೆ, ನಿನ್ನ ಬಾಗಿಲು. ಅಲ್ಲಿ ಕೆಂಪು ಹಾಕಿದ್ದೇನೆ, ಎರಡು ಸಲ ಗೆರೆ ಎಳೆದು.

ಕೆಂಪು ಎಂದರೆ ಹೋಗಬಾರದು ಎಂದಲ್ಲ ಎಂದು ಕಲಿಸಿದವಳು ನೀನೇ. ಇಳಿದು, ತಳ್ಳಿಕೊಂಡು, ನಿಧಾನಕ್ಕೆ. ಯುಗಾದಿಯ ದಿನ ಹೊರಡುತ್ತೇನೆ. ಒಬ್ಬಟ್ಟು ಮಾಡು. ಬೇವು ಹೆಚ್ಚಾಗಿ ಇಡು.

ನಿನ್ನ
ವಾಸಂತಿ